ಅಂಜಿಕೆಯ ಬೆಲೆ

ಸಿರಿಗೇರಿಯ ಕಡೆಯಿಂದ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೋದವರಿಗೆ ಎರಡು ಬಗೆಯ ವ್ಯಾಪಾರ ಎದುರಾಗುತ್ತದೆ. ಒಂದು, ರಸ್ತೆಯಂಚಿನಲ್ಲಿ ಗೋಣಿತಟ್ಟು ಹಾಸಿ ಬಳೆ, ಬುಟ್ಟಿ, ಮಂಡಕ್ಕಿ ಮಾರುವವಳದು. ಇನ್ನೊಂದು, ಮುಗಿಲಿಗೇರಿಸಿ ಇಳಿಸುವ ರಾಟೆತೊಟ್ಟಿಲಿನದು. ಮೊದಲನೆಯದರ ಮುಂದೆ ನಾವು ಐದು ರೂಪಾಯಿಗಾಗಿ ಕಾಲುಗಂಟೆ ಚೌಕಾಸಿ ಮಾಡುತ್ತೇವೆ. ಎರಡನೆಯದರ ಮುಂದೆ ಹೇಳಿದಷ್ಟು ಎಣಿಸಿಕೊಟ್ಟು ಸರತಿಯಲ್ಲಿ ನಿಲ್ಲುತ್ತೇವೆ. ಇದೇಕೆ ಹೀಗೆ?

ಅಂಜಿಕೆಯನ್ನು ಕೊಳ್ಳುವ ಚಟ ಇಂದಿನದಲ್ಲ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಮ್ಸನ್ ಹೂಡಿದ ಇಳಿಜಾರಿನ ಬಂಡಿ ಗಂಟೆಗೆ ಸುಮಾರು 6 ಮೈಲಿ ಮಾತ್ರ ಓಡುತ್ತಿತ್ತು. ಆದರೂ ಜನ 5 ಸೆಂಟು ತೆತ್ತು ಮುಗಿಬಿದ್ದರು. ಇಂದಿನ ರೋಲರ್ ಕೋಸ್ಟರುಗಳು ಅದರ ಸಂತತಿಯೇ. ಭಯ ಬೇಗನೆ ಮುಗಿದೇ ಮುಗಿಯುತ್ತದೆಂಬ ಭರವಸೆಯೇ ಅಲ್ಲಿ ಮಾರಾಟದ ಸರಕು. ಅದಕ್ಕಾಗಿಯೇ ಎದೆಗೆ ಬಿಗಿದ ಪಟ್ಟಿ.

ಬೀದಿಬದಿಯ ಬದುಕಿನ ಏರಿಳಿತಕ್ಕೆ ಅಂಥ ಪಟ್ಟಿಯಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಕೂತು ಮಾರುವ ಹಕ್ಕಿಗೆ ಮನ್ನಣೆ ಕೊಟ್ಟಿದೆ. ನ್ಯಾಯದ ಬೆಲೆ ಕೊಡಬೇಕಾದವರು ನಾವು.

ಚೌಕಾಸಿಯೇ ತಪ್ಪೆಂದು ನನ್ನ ಮಾತಲ್ಲ. ಅದು ಸಮಾನರ ಮಾತುಕತೆ. ಕೇಳಿದಷ್ಟು ಎಸೆದು ನಡೆಯುವುದರಲ್ಲಿ ದಾನಿಯ ಗರ್ವವೂ ಅಡಗಿರಬಹುದು. ಆದರೆ ಸಮಾನರೆಂದ ಮೇಲೆ ಇಬ್ಬರಿಗೂ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವಿರಬೇಕಷ್ಟೆ? ಹೊತ್ತು ಮುಳುಗಿ, ಬುಟ್ಟಿಯಲ್ಲಿ ಸರಕು ಉಳಿದಿರುವಾಗ ಆಕೆ ಹಾಗೆನ್ನಲಾರಳು. ಆಗ ನಾವು ಗೆದ್ದ ಐದು ರೂಪಾಯಿಯನ್ನು ಅವಳ ಅಂಜಿಕೆಯ ಮೇಲೆ ಹೇರಿದ ಸುಂಕವೆಂದೇ ಕರೆಯಬೇಕಾಗುತ್ತದೆ.