ಕಲಿಯುವ ಕೈಯ ಲೆಕ್ಕ

ಶಿಕಾರಿಪುರ, ಸೊರಬದ ಕೇರಿಗಳಿಂದ ಇಂಜಿನಿಯರಿಂಗ್ ಓದಲು ಹೋದ ನಮ್ಮ ಹುಡುಗರು ಅಪ್ರೆಂಟಿಸ್ ಆಗಿ ಬೆಂಗಳೂರಿನ ಪೀಣ್ಯದಂಥ ಕಡೆ ಮೆಷಿನ್ ಮುಂದೆ ನಿಲ್ಲುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಹೇಳುತ್ತದೆ: ಇವನು ಕಲಿಯುವವನು, ಕಾರ್ಮಿಕನಲ್ಲ. ಕಲಿಸೋಕೆ ಧಣಿಗೂ ಖರ್ಚಿದೆ ಅಂತಾರೆ. ಇರಲಿ, ಮೊದಲ ಮೂರು ತಿಂಗಳಿಗೆ ಒಪ್ಪೋಣ. ಕೈ ಪಳಗಿದ ಮೇಲೂ ಅವನು ತೆಗೆದ ಮಾಲು ಮಾರಾಟವಾಗುತ್ತಲ್ಲ, ಅದು ಬರೀ ಪಾಠವೇ?

ಈ ಲೆಕ್ಕ ನಮಗೆ ಹೊಸದಲ್ಲ. ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸಿಡಿದೆದ್ದರು. 1974ರಲ್ಲಿ ಉಳುವವನೇ ಒಡೆಯ ಅನ್ನೋದು ಕಾನೂನಾಯಿತು. ಆದರೆ ಕಾನೂನು ಕಂಡಿದ್ದು ಗೇಣಿದಾರನನ್ನು. ಕೂಲಿಗೆ ಉತ್ತ ನಮ್ಮಪ್ಪಂದಿರು ಉಳುವವರ ಪಟ್ಟಿಗೇ ಬರಲಿಲ್ಲ.

ಒಂದು ವಿಚಿತ್ರ ನೋಡಿ. ಕೆಲಸದಲ್ಲಿ ಅಪ್ರೆಂಟಿಸನ ಬೆರಳು ತುಂಡಾದರೆ, ಅದೇ ಕಾಯ್ದೆಯ 16ನೇ ಕಲಮಿನಂತೆ ಕಾರ್ಮಿಕನಿಗೆ ಸಲ್ಲುವ ಪರಿಹಾರ ಇವನಿಗೂ ಸಲ್ಲಬೇಕು. ಬೆರಳು ನೆಟ್ಟಗಿರುವಷ್ಟು ದಿನ ಮಾತ್ರ ಅದು ವಿದ್ಯಾರ್ಥಿಯ ಬೆರಳು.