ರೋಗಿಯ ಮಾತು ಪ್ರಮಾಣವೇ?

ಯಾರ ಮಾತನ್ನು ನಂಬಬೇಕು ಎಂಬುದು ಭಾರತೀಯ ತರ್ಕಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು. ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ, ಅಂದರೆ ಬಲ್ಲವರ ಮಾತನ್ನೂ, ಅರಿವಿನ ನಾಲ್ಕನೆಯ ದಾರಿಯೆಂದು, ಅಂದರೆ ಪ್ರಮಾಣವೆಂದು, ಒಪ್ಪಿತು. ಬಲ್ಲವನು ಯಾರು? ಆ ಶಾಸ್ತ್ರ ಅವನನ್ನು ಆಪ್ತ ಎನ್ನುತ್ತದೆ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ ವಿಧಿಸುವ ಷರತ್ತು ಎರಡೇ: ವಿಷಯವನ್ನು ಆತ ತಾನೇ ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಆತ ಸೇರಿಸುತ್ತಾನೆ. ಮೇಲುಕೀಳುಗಳನ್ನು ಅಷ್ಟೊಂದು ಎಣಿಸುತ್ತಿದ್ದ ಸಮಾಜದ ನಡುವೆ ಬರೆದ ಆ ಮಾತಿನ ಧೈರ್ಯಕ್ಕೆ ಇವತ್ತಿಗೂ ಬೆರಗಾಗುತ್ತದೆ. ಯಾರ ಮಾತನ್ನು ನಂಬಬೇಕೆಂಬ ಆ ಪ್ರಶ್ನೆ ಇವತ್ತಿನ ಆಸ್ಪತ್ರೆಗೂ ಸಲ್ಲುತ್ತದೆ. ಕ್ಯಾನ್ಸರ್ ಆಸ್ಪತ್ರೆಯ ಸೇವೆ ಹೇಗಿರಬೇಕೆಂದು ತೀರ್ಮಾನಿಸುವಾಗ ರೋಗಿಯನ್ನೂ ಅವರ ಆರೈಕೆಗೆ ನಿಂತ ಮನೆಯವರನ್ನೂ ಕೂರಿಸಿಕೊಂಡು ಕೇಳಬೇಕೆಂಬ ಮಾತು ಬಂದಾಗ ನಾವದನ್ನು ದಯೆಯ, ಸೌಜನ್ಯದ ವಿಷಯವಾಗಿ ಕಾಣುತ್ತೇವೆ. ದಯೆಯಾದರೆ ಬಿಡುವಿದ್ದಾಗ ತೋರಿಸಿದರೆ ಸಾಕು. ರೋಗಿ ವಾತ್ಸ್ಯಾಯನನ ಅರ್ಥದಲ್ಲಿ ಆಪ್ತನೇ ಆಗಿದ್ದರೆ ಮಾತ್ರ, ಅವನನ್ನು ಕೇಳದೆ ನಡೆಯುವ ಆಸ್ಪತ್ರೆ ಒಂದು ಪ್ರಮಾಣವನ್ನೇ ಕೈಬಿಟ್ಟು ನಡೆಯುತ್ತಿದೆ ಎಂದಾಗುತ್ತದೆ. ಅದು ಹಾಗೆಯೇ ಎಂಬುದು ನನ್ನ ವಾದ.

ವೈದ್ಯಶಾಸ್ತ್ರ ಇದನ್ನು ಅರಿಯದೆ ಇರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣ. ರೋಗಿಯ ಗುಣಗಳು ನೆನಪು, ವೈದ್ಯ ಹೇಳಿದಂತೆ ನಡೆಯುವುದು, ನಿರ್ಭಯತೆ, ಮತ್ತು ತನ್ನ ರೋಗವನ್ನು ತಿಳಿಯಹೇಳುವ ಶಕ್ತಿ. ನಾಲ್ಕರಲ್ಲಿ ಒಂದು ಮಾತ್ರ ವಿಧೇಯತೆ; ನೆನಪಿಟ್ಟುಕೊಳ್ಳುವುದು, ಹೆದರದಿರುವುದು, ಹೇಳುವುದು ಮೂರೂ ಸಾಕ್ಷಿಗೆ ಬೇಕಾದ ಗುಣಗಳು. ಆದರೆ ಚರಕನನ್ನು ನನ್ನ ಕಡೆಗೆ ಪೂರ್ತಿಯಾಗಿ ಎಳೆದುಕೊಳ್ಳುವುದು ಅಪ್ರಾಮಾಣಿಕವಾದೀತು. ಅದೇ ಅಧ್ಯಾಯದಲ್ಲಿ ಆತ ವೈದ್ಯನೇ ಪ್ರಧಾನ ಎನ್ನುತ್ತಾನೆ. ಕುಂಬಾರನಿಲ್ಲದೆ ಮಣ್ಣು, ದಂಡ, ಚಕ್ರ, ದಾರ ಇದ್ದೂ ಮಡಕೆಯಾಗದು ಎಂಬ ಹೋಲಿಕೆ ಕೊಡುತ್ತಾನೆ. ವೈದ್ಯನ ಪ್ರಾಧಾನ್ಯವನ್ನು ನಾನೂ ಒಪ್ಪುತ್ತೇನೆ: ಗಡ್ಡೆ ಯಾವ ಹಂತದಲ್ಲಿದೆ, ಯಾವ ಕಿಮೋ ಕೊಡಬೇಕು ಎಂಬುದನ್ನು ಕೈಯೆತ್ತಿಸಿ ನಿರ್ಧರಿಸಲಾಗದು. ಆದರೆ ಮಣ್ಣು ಕುಂಬಾರನಿಗೆ ಏನನ್ನೂ ಹೇಳುವುದಿಲ್ಲ, ರೋಗಿ ಹೇಳಬೇಕೆಂದು ಚರಕನೇ ಬಯಸಿದ್ದ. ಆ ಹೋಲಿಕೆ ನಿಲ್ಲುವ ಕಡೆಯಿಂದಲೇ ನಮ್ಮ ಪ್ರಶ್ನೆ ಶುರುವಾಗುತ್ತದೆ.

ರೋಗಿಯ ಮಾತು ವೈದ್ಯರಿಗೆ ಈಗಾಗಲೇ ಗೊತ್ತಿರುವುದನ್ನೇ ಮತ್ತೆ ಹೇಳುತ್ತದೆಯೆ, ಹೊಸದೇನನ್ನಾದರೂ ತಿಳಿಸುತ್ತದೆಯೆ? ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿಯಾದ ಉತ್ತರ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಿಂದ ಬಂದದ್ದು. ಈಥನ್ ಬಾಷ್ ಮತ್ತು ಸಂಗಡಿಗರು ಅಲ್ಲಿ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೂ ಹರಡಿ ಕಿಮೋ ಪಡೆಯುತ್ತಿದ್ದ 766 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ: ವೈದ್ಯರು ಕಂಡಾಗ ಕೇಳಿದ್ದು, ಹೇಳಿದ್ದು. ಇನ್ನೊಂದು ಗುಂಪಿನವರು ನೋವು, ವಾಕರಿಕೆ, ಸುಸ್ತು, ಉಸಿರಾಟದ ಕಷ್ಟದಂಥ 12 ಲಕ್ಷಣಗಳು ಹೇಗಿವೆಯೆಂದು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿದ್ದರು. ಯಾವುದಾದರೂ ಹದಗೆಟ್ಟರೆ ನರ್ಸ್‌ಗೆ ತಕ್ಷಣ ಸೂಚನೆ ಹೋಗುತ್ತಿತ್ತು. ಹೊಸ ಔಷಧವೇನನ್ನೂ ಕೊಡಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಾವೇ ಹೇಳಿಕೊಂಡವರ ಮಧ್ಯಾಂಕ ಜೀವಿತಾವಧಿ 31.2 ತಿಂಗಳು, ಉಳಿದವರದು 26 ತಿಂಗಳು. ಐದು ತಿಂಗಳಿಗೂ ಹೆಚ್ಚಿನ ಬದುಕು. ಅವರು ಕಿಮೋವನ್ನು ಹೆಚ್ಚು ಕಾಲ ತಾಳಿಕೊಂಡರು, ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿದ್ದೂ ಕಡಿಮೆ. ನುರಿತ ವೈದ್ಯರಿರುವ, ಸಲಕರಣೆಗೆ ಕೊರತೆಯಿಲ್ಲದ ಆಸ್ಪತ್ರೆಯಲ್ಲೂ ರೋಗಿಗೆ ಮಾತ್ರ ಗೊತ್ತಿದ್ದು ವೈದ್ಯರಿಗೆ ತಲುಪದೆ ಹೋಗುತ್ತಿದ್ದ ಸಂಗತಿಗಳು ಇಷ್ಟಿದ್ದವು. ಕೇಳದಿರುವುದಕ್ಕೆ ತೆರುವ ಬೆಲೆ ತಿಂಗಳುಗಳ ಲೆಕ್ಕದಲ್ಲಿ ಕಂಡ ಮೇಲೂ ಇದನ್ನು ಸೌಜನ್ಯವೆಂದು ಕರೆಯುವುದು ಹೇಗೆ?

ಒಬ್ಬ ರೋಗಿ ತನ್ನ ವಾಂತಿಯ ಬಗ್ಗೆ ಹೇಳುವುದು ಬೇರೆ, ಸೇವೆಯನ್ನು ಹೇಗೆ ಏರ್ಪಡಿಸಬೇಕೆಂದು ಹೇಳುವುದು ಬೇರೆ ಎನ್ನಬಹುದು. ಆ ದೂರವನ್ನು ದಾಟಿದವರಲ್ಲಿ ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ ಒಬ್ಬರು. 1974ರಲ್ಲಿ ಸ್ತನದಲ್ಲಿ ಗಂಟು ಕಂಡಾಗ ಅವರ ಮುಂದಿದ್ದ ರೂಢಿ ಇದು: ಅರಿವಳಿಕೆ ಕೊಟ್ಟು ಬಯಾಪ್ಸಿ ಮಾಡುವುದು, ಕ್ಯಾನ್ಸರ್ ಎಂದು ತಿಳಿದರೆ ಎಚ್ಚರವಾಗುವ ಮೊದಲೇ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ತೆಗೆದುಬಿಡುವುದು. ಏಳುವಾಗ ದೇಹ ಹೇಗಿರುತ್ತದೆಂದು ತಿಳಿಯದೆಯೇ ಹೆಂಗಸು ಮೇಜಿನ ಮೇಲೆ ಮಲಗಬೇಕಿತ್ತು. ಕುಶ್ನರ್ ಅದಕ್ಕೆ ಒಪ್ಪಲಿಲ್ಲ. ಬಯಾಪ್ಸಿ ಒಂದು ದಿನ, ಶಸ್ತ್ರಚಿಕಿತ್ಸೆ ಇನ್ನೊಂದು ದಿನ, ನಡುವೆ ಯೋಚಿಸಲು ಅವಕಾಶ ಬೇಕೆಂದು ಬರೆದರು, ವಾದಿಸಿದರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಮಿತಿಯಲ್ಲಿ ಅವರೂ ಇದ್ದರು. ಹಾಲ್‌ಸ್ಟೆಡ್ ಹೆಸರಿನ ಆ ಉಗ್ರ ಶಸ್ತ್ರಚಿಕಿತ್ಸೆ ಇನ್ನು ರೂಢಿಯಾಗಿರಬೇಕಿಲ್ಲವೆಂದೂ ಎರಡು ಹಂತಗಳು ಬೇರೆಬೇರೆಯಾಗಬೇಕೆಂದೂ ಆ ಸಮಿತಿ ಹೇಳಿತು. ಹಾಲ್‌ಸ್ಟೆಡ್ ಪದ್ಧತಿಗಿಂತ ಸಣ್ಣ ಶಸ್ತ್ರಚಿಕಿತ್ಸೆಯಿಂದ ಆಯುಸ್ಸು ಕುಗ್ಗುವುದಿಲ್ಲವೆಂದು ತೋರಿಸಿದ್ದು ಬರ್ನಾರ್ಡ್ ಫಿಶರ್ ಎಂಬ ಶಸ್ತ್ರವೈದ್ಯರ ಅಧ್ಯಯನಗಳು, ಕುಶ್ನರ್ ಅಲ್ಲ. ಆದರೆ ಒಂದೇ ಅರಿವಳಿಕೆಯಲ್ಲಿ ಎರಡನ್ನೂ ಮುಗಿಸುವುದು ಹೆಂಗಸಿಗೆ ಏನು ಮಾಡುತ್ತದೆ ಎಂಬುದು ಅಧ್ಯಯನದ ಕೋಷ್ಟಕದಲ್ಲಿ ಇರಲಿಲ್ಲ. ಅದನ್ನು ಬಲ್ಲವರೇ ಹೇಳಬೇಕಾಯಿತು. ಮುಂದೆ ಇಂಗ್ಲೆಂಡ್ ಇದನ್ನು ವ್ಯವಸ್ಥೆಯ ಭಾಗವಾಗಿಸಲು ಹೊರಟಿತು: ರೋಗಿಗಳ ಮತ್ತು ಆರೈಕೆ ಮಾಡುವವರ ಅಭಿಪ್ರಾಯಕ್ಕೆ ಬೆಲೆ ಕೊಟ್ಟು ಕ್ಯಾನ್ಸರ್ ಸೇವೆ ರೂಪಿಸಬೇಕೆಂದು ಕ್ಯಾಲ್ಮನ್–ಹೈನ್ ವರದಿ 1995ರಲ್ಲೇ ಹೇಳಿತ್ತು. ಲೂಟನ್ ಪಟ್ಟಣದ ಆಸ್ಪತ್ರೆಯೊಂದರ ತಲೆ-ಕುತ್ತಿಗೆ ಕ್ಯಾನ್ಸರ್ ವಿಭಾಗದಲ್ಲಿ 2005ರ ಸುಮಾರಿಗೆ ರೋಗಿಗಳೂ ಸಿಬ್ಬಂದಿಯೂ ಒಟ್ಟಿಗೆ ಕುಳಿತು, ರೋಗಿಗಳ ಅನುಭವವನ್ನೇ ಮುಂದಿಟ್ಟುಕೊಂಡು ಸೇವೆಯನ್ನು ತಿದ್ದಿದರು. ಆ ವಿಧಾನವನ್ನು ಆಮೇಲೆ ಬೇರೆ ದೇಶಗಳೂ ತೆಗೆದುಕೊಂಡವು.

ಈಗ ಎದುರುವಾದಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು. 1990ರ ದಶಕದಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳು ಭಾರೀ ಪ್ರಮಾಣದ ಕಿಮೋ ಮತ್ತು ಅಸ್ಥಿಮಜ್ಜೆ ಕಸಿಗಾಗಿ ಹೋರಾಡಿದರು. ವಿಮಾ ಕಂಪನಿಗಳು ಹಣ ಕೊಡಲು ಒಪ್ಪದಿದ್ದಾಗ ನ್ಯಾಯಾಲಯಕ್ಕೆ ಹೋದರು. 1993ರ ಒಂದು ಪ್ರಕರಣದಲ್ಲಿ ಜ್ಯೂರಿ ಸುಮಾರು 89 ಮಿಲಿಯನ್ ಡಾಲರ್ ಪರಿಹಾರ ವಿಧಿಸಿತು. ಸಾವಿರಾರು ಹೆಂಗಸರು ಆ ಘೋರ ಚಿಕಿತ್ಸೆಗೆ ಒಳಗಾದರು. ದಶಕದ ಕೊನೆಗೆ ಬಂದ ಅಧ್ಯಯನಗಳಲ್ಲಿ ಅದು ಸಾಮಾನ್ಯ ಕಿಮೋಗಿಂತ ಹೆಚ್ಚು ಬದುಕಿಸಿದ್ದು ಕಾಣಲಿಲ್ಲ. ಲಾಭವಿದೆಯೆಂದು ಸಾರಿದ್ದ ದಕ್ಷಿಣ ಆಫ್ರಿಕದ ಅಧ್ಯಯನ ಮೋಸವೆಂದು 2000ದಲ್ಲಿ ಬಯಲಾಯಿತು. ರೋಗಿಗಳ ಕೂಗಿಗೆ ಮಣಿದರೆ ಹೀಗೇ ಆಗುವುದಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ಆ ತಪ್ಪಿನ ಬೆಲೆ ತೆತ್ತವರೂ ರೋಗಿಗಳೇ. ಆದರೆ ವಾತ್ಸ್ಯಾಯನನ ಮೊದಲ ಷರತ್ತು ಇಲ್ಲಿ ಕೈಹಿಡಿಯುತ್ತದೆ. ಆಪ್ತತ್ವ ವ್ಯಕ್ತಿಗೆ ಅಂಟಿಕೊಂಡ ಪದವಿಯಲ್ಲ, ನೇರವಾಗಿ ಅರಿತ ವಿಷಯಕ್ಕಷ್ಟೇ ಸೀಮಿತ. ಎರಡು ಚಿಕಿತ್ಸೆಗಳಲ್ಲಿ ಯಾವುದು ಹೆಚ್ಚು ಜನರನ್ನು ಉಳಿಸುತ್ತದೆ ಎಂಬುದನ್ನು ಯಾವ ರೋಗಿಯೂ ತನ್ನೊಂದು ದೇಹದಲ್ಲಿ ಕಾಣಲಾರ. ಯಾವ ವೈದ್ಯನೂ ತನ್ನ ಅನುಭವದಿಂದಷ್ಟೇ ಕಾಣಲಾರ. ಹಾಲ್‌ಸ್ಟೆಡ್ ಪದ್ಧತಿಯನ್ನು ಮುಕ್ಕಾಲು ಶತಮಾನ ನಂಬಿದವರು ವೈದ್ಯರೇ. ಅದಕ್ಕೆ ಪರೀಕ್ಷೆಯೇ ಬೇಕು, ಅಲ್ಲಿ ಇಬ್ಬರ ಹಂಬಲವೂ ಪ್ರಮಾಣವಲ್ಲ. ಕಸಿಯ ದುರಂತದಲ್ಲಿ ರೋಗಿಗಳು ತಮ್ಮ ಅರಿವನ್ನು ಮೀರಿ ಮಾತಾಡಿದ್ದು ನಿಜ. ಅವರಿಗೆ ಆ ಭರವಸೆ ಮೂಡಿಸಿದ್ದು ಪರೀಕ್ಷೆಗೆ ಕಾಯದ ವೈದ್ಯರು ಎಂಬುದೂ ಅಷ್ಟೇ ನಿಜ.

ನಮ್ಮ ನಾಡಿನಲ್ಲಿ ಪ್ರಶ್ನೆ ಇನ್ನೂ ಸಿಕ್ಕಾಗಿದೆ. ಇಲ್ಲಿ ಬಾಯಿ ಕ್ಯಾನ್ಸರ್ ದೊಡ್ಡ ಪಿಡುಗು, ತಂಬಾಕು ಅದರ ಮುಖ್ಯ ಕಾರಣ. ಶಸ್ತ್ರಚಿಕಿತ್ಸೆಯ ನಂತರ ಮಾತೇ ಹೊರಡದ ರೋಗಿಯ ಪರವಾಗಿ ಹೆಂಡತಿಯೋ ಮಗನೋ ಮಾತಾಡಬೇಕು. ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕುವುದು, ಗಾಯ ಒರೆಸುವುದು, ಆಸ್ಪತ್ರೆಯಿಂದ ನೂರಾರು ಕಿಲೋಮೀಟರ್ ದೂರದ ಊರಿನಲ್ಲಿ ಎರಡು ಕಿಮೋಗಳ ನಡುವೆ ನಡುರಾತ್ರಿ ಜ್ವರ ಬಂದರೆ ಏನು ಮಾಡಬೇಕೆಂದು ನಿರ್ಧರಿಸುವುದು, ಇದೆಲ್ಲ ಮನೆಯವರ ಕೆಲಸ. ಚರಕ ಉಪಚಾರಕನನ್ನು ಪ್ರತ್ಯೇಕ ಪಾದವಾಗಿ ಎಣಿಸಿದ್ದ. ನಮ್ಮ ಆಸ್ಪತ್ರೆಗಳು ‘ಪೇಷೆಂಟ್ ಕಡೆಯವರು’ ಎಂದು ಕರೆದು ಬಾಗಿಲ ಹೊರಗೆ ನಿಲ್ಲಿಸುತ್ತವೆ. ಆದರೆ ಅದೇ ಮನೆಯವರು ವೈದ್ಯರ ಬಳಿ ಗುಟ್ಟಾಗಿ, ‘ಅವರಿಗೆ ಹೇಳಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ’ ಎನ್ನುವುದೂ ಉಂಟು. ಪ್ರೀತಿಯಿಂದಲೇ ಬರುವ ಮಾತು ಅದು. ಅದರ ಫಲವಾಗಿ ತನ್ನ ರೋಗದ ಹೆಸರೂ ತಿಳಿಯದವನನ್ನು ಅವನ ಸೇವೆಯ ಬಗ್ಗೆ ಕೇಳುವುದಾದರೂ ಹೇಗೆ? ಇಲ್ಲಿ ಆರೈಕೆ ಮಾಡುವವರ ಸಾಕ್ಷ್ಯಕ್ಕೂ ಗೆರೆ ಎಳೆಯಬೇಕಾಗುತ್ತದೆ. ಆರೈಕೆಯ ಭಾರ, ಸಾಲ, ಓಡಾಟ ಅವರು ನೇರವಾಗಿ ಬಲ್ಲದ್ದು. ರೋಗಿಯ ನೋವು ಎಷ್ಟು, ಅವನಿಗೆ ಬೇಕಾದದ್ದೇನು ಎಂಬುದು ಅವರ ಊಹೆ, ಪ್ರೀತಿಯ ಊಹೆಯಾದರೂ ಊಹೆಯೇ. ರೋಗಿ ಹೇಳಬಲ್ಲವನಾಗಿರುವಷ್ಟು ಕಾಲ ಅವನ ಮಾತಿನ ಜಾಗದಲ್ಲಿ ಇನ್ನೊಬ್ಬರ ಮಾತನ್ನು ಕೂರಿಸಬಾರದು.

ರೋಗಿಗಳನ್ನು ಕೇಳಲೆಂದು ಮಾಡುವ ಸಮಿತಿಗಳಿಗೆ ಬರುವವರು ಓದಿದವರು, ನಗರದವರು, ಗುಣವಾದವರು. ಅವರು ಎಲ್ಲರ ಪರ ಹೇಗೆ ಮಾತಾಡುತ್ತಾರೆ ಎಂಬ ಆಕ್ಷೇಪವೂ ಇದೆ. ಸರಿಯಾದ ಆಕ್ಷೇಪ. ಅದು ಕೇಳಬಾರದು ಎಂಬುದಕ್ಕೆ ಕಾರಣವಾಗುವುದಿಲ್ಲ, ಇನ್ನೂ ದೂರ ಹೋಗಿ ಕೇಳಬೇಕು ಎಂಬುದಕ್ಕೆ ಕಾರಣವಾಗುತ್ತದೆ. ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಉಪಶಮನ ಆರೈಕೆಯ ಕೆಲಸ ಕೆಲವೇ ವರ್ಷಗಳಲ್ಲಿ ಆಸ್ಪತ್ರೆಯ ಗೋಡೆ ದಾಟಿ, ಊರವರೇ ಸ್ವಯಂಸೇವಕರಾಗಿ ಮನೆಮನೆಗೆ ಹೋಗುವ ಜಾಲವಾಯಿತು. 2008ರಲ್ಲಿ ರಾಜ್ಯ ಸರ್ಕಾರ ಅದನ್ನು ನೀತಿಯಾಗಿ ಅಂಗೀಕರಿಸಿತು. ಹಾಸಿಗೆ ಹಿಡಿದವರು ಸಮಿತಿಗೆ ಬರಲಾರರು, ಅವರಿರುವಲ್ಲಿಗೇ ಹೋಗಬೇಕೆಂಬುದು ಅಲ್ಲಿ ಸಿದ್ಧಾಂತವಾಗುವ ಮೊದಲೇ ನಡೆವಳಿಕೆಯಾಗಿತ್ತು.

ಕೊನೆಗೆ ವಾತ್ಸ್ಯಾಯನನ ಎರಡನೆಯ ಷರತ್ತು, ಅರಿತದ್ದನ್ನು ಅರಿತಂತೆ ಹೇಳುವ ಇಚ್ಛೆ. ಚಿಕಿತ್ಸೆ ಇನ್ನೂ ನಡೆಯುತ್ತಿರುವಾಗ, ಕೊಡುವ ಕೈಯೇ ಎದುರು ಕುಳಿತು ಕೇಳಿದರೆ ‘ಎಲ್ಲಾ ಚೆನ್ನಾಗಿದೆ ಸಾರ್’ ಎಂಬುದಲ್ಲದೆ ಬೇರೆ ಉತ್ತರ ಬರುವುದು ಕಷ್ಟ. ಬ್ರಿಟನ್ನಿನ ತತ್ವಜ್ಞಾನಿ ಮಿರಾಂಡಾ ಫ್ರಿಕರ್ 2007ರ ತಮ್ಮ ಕೃತಿಯಲ್ಲಿ, ಹೇಳುವವರ ಸ್ಥಾನ ನೋಡಿ ಅವರ ಮಾತಿನ ಬೆಲೆ ಇಳಿಸುವುದನ್ನು ಅನ್ಯಾಯದ ಒಂದು ಬಗೆಯೆಂದೇ ವಿವರಿಸಿದರು. ಅಂಥ ಅನ್ಯಾಯಕ್ಕೆ ಮತ್ತೆಮತ್ತೆ ಒಳಗಾದವರು ಬಾಯಿಬಿಡುವುದನ್ನೇ ನಿಲ್ಲಿಸುತ್ತಾರೆ. ನಿರ್ಭಯತೆಯನ್ನು ಚರಕ ರೋಗಿಯ ಗುಣವಾಗಿ ಎಣಿಸಿದ್ದಾನೆ, ಆದರೆ ಬಡ ರೋಗಿಗೆ ಅದು ಆಸ್ಪತ್ರೆ ಕೊಟ್ಟರೆ ಮಾತ್ರ ಬರುವ ಗುಣ. ಕೇಳುವವರು ಚಿಕಿತ್ಸೆ ಕೊಡುವವರಲ್ಲದೆ ಬೇರೆಯವರಾಗಿರಬೇಕು, ರೋಗಿಯ ಆಡುಮಾತಿನಲ್ಲೇ ಕೇಳಬೇಕು, ರೇಡಿಯೇಷನ್ನನ್ನು ‘ಕರೆಂಟ್ ಕೊಡೋದು’ ಎನ್ನುವವರನ್ನು ಅಲ್ಲಿ ತಿದ್ದಲು ಹೋಗಬಾರದು. ಬಂದು ಕೂತವರ ಆ ದಿನದ ಕೂಲಿ ಮತ್ತು ಬಸ್ಸಿನ ಖರ್ಚನ್ನು ಆಸ್ಪತ್ರೆಯೇ ಕೊಡಬೇಕು, ಅವರು ಹೇಳಿದ್ದರಿಂದ ಏನು ಬದಲಾಯಿತೆಂದು ಅವರಿಗೇ ತಿಳಿಸಬೇಕು. ಇನ್ನು ತೀರಿಹೋದವರು ಯಾವ ಸಮೀಕ್ಷೆಗೂ ಉತ್ತರಿಸುವುದಿಲ್ಲ. ಗುಣವಾದವರನ್ನಷ್ಟೇ ಕೇಳಿ ರೂಪಿಸಿದ ಸೇವೆ ಕೊನೆಯ ತಿಂಗಳುಗಳ ಬಗ್ಗೆ ಏನನ್ನೂ ಅರಿಯಲಾರದು. ಆ ತಿಂಗಳುಗಳಿಗೆ ಈಗ ಉಳಿದಿರುವ ಸಾಕ್ಷಿಗಳು ಬಳಿಯಲ್ಲಿ ಕುಳಿತಿದ್ದ ಮನೆಯವರು ಮಾತ್ರ. ಶೋಕ ಸ್ವಲ್ಪ ತಗ್ಗಿದ ಮೇಲೆ ಅವರಿಗೆ ಒಂದು ಕರೆ ಮಾಡಿ, ಬರಲು ಒಪ್ಪಿದರೆ ಕೂರಿಸಿಕೊಂಡು ಕೇಳುವ ಕೆಲಸವನ್ನು ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಒಬ್ಬರಿಗೆ ಹೊಣೆಯಾಗಿ ವಹಿಸಬೇಕು.