ಪದಕದ ಮೇಲಿನ ‘ನೀನು’

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕದ ಸುತ್ತಮುತ್ತ ಜಪಸರ, ಮೇಣದಬತ್ತಿ, ಸ್ವರೂಪ ಮಾರುವ ಅಂಗಡಿಗಳಲ್ಲಿ ಸಂತ ಬೆನೆಡಿಕ್ಟರ ಪದಕವೂ ಸಿಗುತ್ತದೆ. ನಾಣ್ಯದ ಹಾಗೆ ದುಂಡಗಿರುವ ಅದರ ಒಂದು ಮಗ್ಗುಲಲ್ಲಿ ಶಿಲುಬೆ ಎತ್ತಿ ಹಿಡಿದು ನಿಂತ ಸಂತರು. ಇನ್ನೊಂದು ಮಗ್ಗುಲಲ್ಲಿ ಅಗಲವಾದ ಶಿಲುಬೆ, ಅದರ ಮೈಮೇಲೆಲ್ಲ, ಅಂಚಿನ ಸುತ್ತಲೂ ಬಿಡಿಬಿಡಿ ರೋಮನ್ ಅಕ್ಷರಗಳು. ಕೊಂಡವರು ಅದನ್ನು ಗುರುಗಳ ಕೈಯಲ್ಲಿ ಮಂತ್ರಿಸಿಕೊಂಡು ಕೊರಳಿಗೆ ಹಾಕಿಕೊಳ್ಳುತ್ತಾರೆ, ಬಾಗಿಲ ಚೌಕಟ್ಟಿಗೆ ಹೊಡೆಯುತ್ತಾರೆ. ಅಕ್ಷರಗಳು ಏನೆಂದು ಚಿಕ್ಕಂದಿನಲ್ಲಿ ಅಮ್ಮನನ್ನು ಕೇಳಿದ್ದೆ. “ಸೈತಾನನನ್ನು ಓಡಿಸೋ ಮಂತ್ರ ಕಣಪ್ಪ” ಅಂದಿದ್ದಳು. ಆ ಉತ್ತರದಲ್ಲಿ ತಪ್ಪಿಲ್ಲ. ಆದರೆ ಅದು ಪ್ರಾಸವಿಟ್ಟು ಕಟ್ಟಿದ ಒಂದು ಪುಟ್ಟ ಲ್ಯಾಟಿನ್ ಪದ್ಯ, ಒಂದೊಂದು ಪದದ ಮೊದಲ ಅಕ್ಷರವನ್ನಷ್ಟೇ ಉಳಿಸಿಕೊಂಡದ್ದು ಎಂದು ತಿಳಿದ ಮೇಲೆ ಅದನ್ನು ಬಿಡಿಸಿ ಓದದೆ ನನಗೆ ಇರಲಾಗಲಿಲ್ಲ.

ನಿಂತ ಪಟ್ಟಿಯ ಮೇಲೆ ಐದು ಅಕ್ಷರ, ಅಡ್ಡ ಪಟ್ಟಿಯ ಮೇಲೆ ಐದು. ಮೇಲಿಂದ ಕೆಳಕ್ಕೆ ಓದಿದರೆ, ಪವಿತ್ರ ಶಿಲುಬೆಯೇ ನನಗೆ ಬೆಳಕಾಗಲಿ ಎಂದರ್ಥ. ಎಡದಿಂದ ಬಲಕ್ಕೆ ಓದಿದರೆ, ಘಟಸರ್ಪ ನನಗೆ ದಾರಿ ತೋರುವವನಾಗದಿರಲಿ ಎಂದು. ಬೆಳಕಿಗೆ ಲ್ಯಾಟಿನ್‌ನಲ್ಲಿ ‘ಲುಕ್ಸ್’, ಮುಂದಾಳಿಗೆ ‘ದುಕ್ಸ್’, ಪ್ರಾಸ ಅಲ್ಲಿದೆ. ಎರಡು ಪಟ್ಟಿಗಳೂ ಕೂಡುವ ನಡುಮಧ್ಯದಲ್ಲಿ ಇರುವುದು ಒಂದೇ ಒಂದು ‘ಎಸ್’. ಎರಡು ಸಾಲುಗಳಿಗೂ ಅದೇ ಮೂರನೆಯ ಅಕ್ಷರ. ಅದು ‘ಸಿಟ್’ ಎಂಬ ಕ್ರಿಯಾಪದದ್ದು. ಕನ್ನಡದಲ್ಲಿ ಹೇಳುವುದಾದರೆ ‘ಆಗಲಿ’. ದೇವರ ಹೆಸರಲ್ಲ, ಸಂತರ ಹೆಸರಲ್ಲ, ಶಿಲುಬೆಯ ಎದೆಯಲ್ಲಿ ಕೂತಿರುವುದು ಹಾಕಿಕೊಂಡವನ ಬಾಯಿಂದ ಬರಬೇಕಾದ ಒಂದು ‘ಆಗಲಿ’. ಬೆಳಕನ್ನು ಬೇಡುವುದಕ್ಕೂ ಸರ್ಪವನ್ನು ಬೇಡವೆನ್ನುವುದಕ್ಕೂ ಅದೇ ಕ್ರಿಯಾಪದ.

ಅಂಚಿನ ಸುತ್ತ ಹದಿನಾಲ್ಕು ಅಕ್ಷರಗಳಿವೆ. ಅವುಗಳ ಮೊದಲರ್ಧ ಸೈತಾನನಿಗೆ ತೊಲಗೆನ್ನುತ್ತದೆ, ಪೊಳ್ಳನ್ನು ತೋರಿಸಿ ನನ್ನನ್ನು ಪುಸಲಾಯಿಸಬೇಡ ಎನ್ನುತ್ತದೆ. ಎರಡನೆಯರ್ಧ ಇನ್ನೂ ಖಾರ. ನೀನು ಬಗ್ಗಿಸಿ ಕೊಡುತ್ತಿರುವುದು ಕೇಡು, ಆ ನಂಜನ್ನು ನೀನೇ ಕುಡಿ. ಲೋಕದ ನಂಜನ್ನು ತಾನೇ ಕುಡಿದು ಕೊರಳಲ್ಲಿ ಹಿಡಿದ ನಂಜುಂಡನ ನಾಡಿನವನು ನಾನು. ಹಾಗಾಗಿ ಈ ಮಾತು ಮೊದಲು ಒರಟಾಗಿ ಕೇಳಿಸಿತು. ಬಟ್ಟಲನ್ನು ಕೊಟ್ಟವನಿಗೇ ಹಿಂದಿರುಗಿಸುವ ಸಂತರು ಎಂಥವರು?

ಬೆನೆಡಿಕ್ಟರ ಬದುಕನ್ನು ಪೋಪ್ ಮಹಾ ಗ್ರೆಗೊರಿ ಆರನೆಯ ಶತಮಾನದ ಕೊನೆಗೆ ಬರೆದಿಟ್ಟರು. ಇಟಲಿಯ ಸುಬಿಯಾಕೊದ ಗವಿಯಲ್ಲಿ ಒಂಟಿಯಾಗಿದ್ದ ಬೆನೆಡಿಕ್ಟರನ್ನು ಹತ್ತಿರದ ಮಠವೊಂದರ ಸನ್ಯಾಸಿಗಳು ಒತ್ತಾಯಿಸಿ ಹಿರಿಯರನ್ನಾಗಿ ಮಾಡಿಕೊಂಡರು. ಆಮೇಲೆ ಅವರ ಶಿಸ್ತು ತಡೆಯಲಾರದೆ ದ್ರಾಕ್ಷಾರಸದಲ್ಲಿ ವಿಷ ಬೆರೆಸಿದರು. ಆಶೀರ್ವದಿಸಲೆಂದು ಬೆನೆಡಿಕ್ಟರು ಶಿಲುಬೆಯ ಗುರುತು ಹಾಕಿದ್ದೇ ತಡ, ಗಾಜಿನ ಪಾತ್ರೆ ಒಡೆದುಹೋಯಿತು. ಅವರು ಸಿಟ್ಟಾಗಲಿಲ್ಲ. ದೇವರು ನಿಮ್ಮನ್ನು ಕರುಣಿಸಲಿ ಎಂದು ಹೇಳಿ ಗವಿಗೆ ಮರಳಿದರು. ಇನ್ನೊಮ್ಮೆ ಫ್ಲೊರೆಂಟಿಯಸ್ ಎಂಬ ನೆರೆಯ ಗುರು ಹೊಟ್ಟೆಕಿಚ್ಚಿನಿಂದ ವಿಷದ ರೊಟ್ಟಿ ಕಳಿಸಿದ. ದಿನವೂ ಕಾಡಿನಿಂದ ಬಂದು ಬೆನೆಡಿಕ್ಟರ ಕೈತುತ್ತು ತಿನ್ನುತ್ತಿದ್ದ ಕಾಗೆ ಅವರ ಮಾತಿನಂತೆ ಅದನ್ನು ಕಚ್ಚಿಕೊಂಡು ಹೋಗಿ ದೂರ ಎಸೆದು ಬಂತು. ಒಡೆದ ಬಟ್ಟಲು, ಕಾಗೆ ಎರಡೂ ಪದಕದ ಮೇಲೆ ಸಂತರ ಅಕ್ಕಪಕ್ಕದಲ್ಲಿವೆ.

ಪದಕದ ಮೇಲಿಲ್ಲದ ಒಂದು ಘಟನೆ ಈ ಕಥೆಯಲ್ಲಿದೆ. ನನಗೆ ಅದೇ ಇಡೀ ಪದ್ಯದ ಕೀಲಿ. ಫ್ಲೊರೆಂಟಿಯಸ್ ಮುಂದೆ ತಾನು ನಿಂತಿದ್ದ ಮಾಳಿಗೆ ಕುಸಿದು ಸತ್ತ. ಮೌರಸ್ ಎಂಬ ಶಿಷ್ಯ ಆ ಸುದ್ದಿಯನ್ನು ಹಿಗ್ಗಿನಿಂದ ಹೇಳಿಕಳಿಸಿದ. ಬೆನೆಡಿಕ್ಟರು ಅತ್ತರು. ಶತ್ರು ಸತ್ತನೆಂದೂ ಅತ್ತರು, ಶಿಷ್ಯ ಹಿಗ್ಗಿದನೆಂದೂ ಅತ್ತರು. ಶಿಷ್ಯನಿಗೆ ಪ್ರಾಯಶ್ಚಿತ್ತವನ್ನೂ ವಿಧಿಸಿದರು. ವಿಷ ಕೊಟ್ಟ ಮನುಷ್ಯನಿಗೆ ಅವರು ‘ನೀನೇ ಕುಡಿ’ ಅನ್ನಲಿಲ್ಲ. ಪದ್ಯದೊಳಗಿನ ‘ನೀನು’ ಸೈತಾನ. ಪಕ್ಕದ ಮನೆಯವನಲ್ಲ, ದಾಯಾದಿಯಲ್ಲ, ನಮ್ಮನ್ನು ಕಂಡರಾಗದವರಲ್ಲ.

ಈ ‘ನೀನು’ ಯಾರೆಂಬುದನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ಪದಕದ ಸ್ವಂತ ಚರಿತ್ರೆಯೇ ಸಾಕ್ಷಿ. ಅಕ್ಷರಗಳ ಅರ್ಥ ಬಹಳ ಕಾಲ ಕಳೆದುಹೋಗಿತ್ತು. 1647ರಲ್ಲಿ ಜರ್ಮನಿಯ ಬವೇರಿಯದ ನಾಟರ್ನ್‌ಬರ್ಗ್‌ನಲ್ಲಿ ಕೆಲವು ಹೆಂಗಸರನ್ನು ಮಾಟಗಾತಿಯರೆಂದು ವಿಚಾರಣೆಗೆ ನಿಲ್ಲಿಸಿದ್ದರು. ಹತ್ತಿರದ ಮೆಟ್ಟನ್ ಮಠದ ಮೇಲೆ ತಮ್ಮ ಆಟ ನಡೆಯದು, ಅಲ್ಲಿ ಶಿಲುಬೆಯ ಕಾವಲಿದೆ ಎಂದು ಅವರು ಹೇಳಿದರೆಂಬುದು ಪ್ರತೀತಿ. ಹುಡುಕಿದಾಗ ಮಠದ ಗೋಡೆಗಳ ಮೇಲೆ ಇದೇ ಅಕ್ಷರಗಳಿದ್ದ ಶಿಲುಬೆಗಳು ಸಿಕ್ಕವು, ಅವೇನೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಮಠದ ಗ್ರಂಥಾಲಯದಲ್ಲಿದ್ದ 1415ರ ಹಸ್ತಪ್ರತಿಯೊಂದರ ಚಿತ್ರದಲ್ಲಿ, ಬೆನೆಡಿಕ್ಟರ ಕೈಯ ಕೋಲಿನ ಮೇಲೂ ಸುರುಳಿಯ ಮೇಲೂ ಪೂರ್ತಿ ಪದಗಳು ಸಿಕ್ಕವು. ಭಕ್ತಿಯ ಪುಸ್ತಕಗಳು ಇದನ್ನು ಪದಕದ ಮಹಿಮೆಯೆಂದು ಹೇಳುತ್ತವೆ. ನನಗೆ ಹಾಗೆ ಓದಲು ಮನಸ್ಸು ಒಪ್ಪುವುದಿಲ್ಲ. ಆ ಕಾಲದ ಇಂಥ ವಿಚಾರಣೆಗಳಲ್ಲಿ ಚಿತ್ರಹಿಂಸೆ ಸಾಮಾನ್ಯವಾಗಿತ್ತು, ಕಟಕಟೆಯಲ್ಲಿ ನಿಂತವರು ಕೇಳುವವರಿಗೆ ಬೇಕಾದ್ದನ್ನೇ ಹೇಳಬೇಕಿತ್ತು. ಸೈತಾನನಿಗೆ ಆಡಬೇಕಾದ ಮಾತನ್ನು ಊರಿನ ಹೆಂಗಸರ ಮೇಲೆ ಆಡಿದ ಜನ, ತಮ್ಮ ಗೋಡೆಯ ಮೇಲಿನ ಸಾಲನ್ನು ಓದಲಾರದವರಾಗಿದ್ದರು. ಈ ಪದಕವನ್ನು ಮುಟ್ಟಿದಾಗಲೆಲ್ಲ ಹೆಸರೂ ನನಗೆ ಗೊತ್ತಿಲ್ಲದ ಆ ಹೆಂಗಸರನ್ನು ನೆನೆಯುತ್ತೇನೆ.

ಮುಂದೆ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು 1741–42ರಲ್ಲಿ ಪದಕಕ್ಕೆ ಒಪ್ಪಿಗೆ ಕೊಟ್ಟರು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸಂತರು ಹುಟ್ಟಿ 1400 ವರ್ಷವಾದ ನೆನಪಿಗೆ 1880ರಲ್ಲಿ ಮೊಂಟೆ ಕಸಿನೊ ಮಠ ಮಾಡಿಸಿದ ವಿನ್ಯಾಸ. ಅದರಲ್ಲಿ ಶಿಲುಬೆಯ ನೆತ್ತಿಯ ಮೇಲೆ ‘ಪಾಕ್ಸ್’ ಎಂದಿದೆ, ಶಾಂತಿ. ಬೈಗುಳದಂತೆ ಕೇಳುವ ಪದ್ಯಕ್ಕೆ ಇದೇ ಶಿರೋನಾಮೆ.

ಈ ಪದಕವನ್ನು ಒಳಗೆ ಕೂರಿಸಿದ ಶಿಲುಬೆಗಳೂ ಇವೆ. ಪಟ್ಟಿಗಳು ಕೂಡುವಲ್ಲಿ, ಯೇಸುವಿನ ತಲೆಯ ಹಿಂದೆ ಪದಕ ಇರುತ್ತದೆ. ಗೆತ್ಸೆಮನೆಯ ತೋಟದಲ್ಲಿ ಯೇಸು ಈ ಬಟ್ಟಲು ತನ್ನಿಂದ ದೂರವಾಗಲೆಂದು ಬೇಡಿದರು, ಕೊನೆಗೆ ತಂದೆಯ ಇಚ್ಛೆಯಂತೆ ಆಗಲಿ ಎಂದು ಅದನ್ನೇ ಕುಡಿದರು. ಅಲ್ಲೂ ಒಂದು ‘ಆಗಲಿ’. ತಂದೆ ಕೊಟ್ಟ ಬಟ್ಟಲನ್ನು ಕುಡಿದವರ ತಲೆಯ ಹಿಂದೆಯೇ ಸೈತಾನನ ಬಟ್ಟಲನ್ನು ನೂಕುವ ಸಾಲು! ನಂಜುಂಡನ ನಾಡಿನವನ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಕುಡಿಯಬೇಕಾದ ಕಹಿಯೂ ಇದೆ, ಮುಟ್ಟಬಾರದ ಸಿಹಿಯೂ ಇದೆ.

ಸಂತರಿರುವ ಮಗ್ಗುಲಿನ ಅಂಚಿನಲ್ಲಿ ಅಕ್ಷರಗಳನ್ನು ಕತ್ತರಿಸಿಲ್ಲ, ಪೂರ್ತಿ ಪದಗಳೇ ಇವೆ. ನಾವು ಸಾಯುವಾಗ ಅವರ ಸನ್ನಿಧಿ ನಮಗೆ ಬಲವಾಗಲಿ ಎಂಬ ಕೋರಿಕೆ. ಬೆನೆಡಿಕ್ಟರು ಪರಮಪ್ರಸಾದ ಸ್ವೀಕರಿಸಿ, ಶಿಷ್ಯರು ಆತುಕೊಂಡಿರಲು, ನಿಂತಂತೆಯೇ ಕೈಯೆತ್ತಿ ಪ್ರಾಣ ಬಿಟ್ಟರೆಂದು ಗ್ರೆಗೊರಿ ಬರೆಯುತ್ತಾರೆ. ನಮ್ಮಲ್ಲಿ ತೀರಿಕೊಂಡವರ ಬೆರಳಿಗೆ ಜಪಸರ ಸುತ್ತುವ ರೂಢಿ. ಅಮ್ಮನ ಜಪಸರದಲ್ಲಿ ಈ ಪದಕ ಇತ್ತು, ತಿಕ್ಕಿ ತಿಕ್ಕಿ ಸಂತರ ಮುಖ ಸವೆದಿತ್ತು. ಸುತ್ತುವಾಗ ಆ ಮುಖವನ್ನು ಮೇಲೆ ಮಾಡಿದೆ. ಅಕ್ಷರಗಳಿದ್ದ ಮಗ್ಗುಲು ಅವಳ ಅಂಗೈಯೊಳಗೆ ಹೋಯಿತು.